ಹೊರಗಿನ ಅಗಳಿ

ಜಮಖಂಡಿಯ ಮೈದಾನದಲ್ಲಿ ಬೆಳಗಾದರೆ ಸೈನ್ಯದ ಭರ್ತಿಗೆ ತಾಲೀಮು ಮಾಡುವ ಹುಡುಗರು ಓಡುತ್ತಿರುತ್ತಾರೆ. ನಾನೂ ಅದೇ ಹೊತ್ತಿಗೆ ಅಡ್ಡಾಡಲು ಹೋಗುತ್ತೇನೆ. ನಿವೃತ್ತ ಸುಭೇದಾರ ಎಂದು ಗೊತ್ತಾದಂದಿನಿಂದ ಅವರಿಗೆ ನನ್ನಿಂದ ಬೇಕಾಗಿರುವುದು ಒಂದೇ ಕಥೆ.

'ಕಾಕಾ, ನೀವು ಎಷ್ಟು ಮಂದೀನ ಹೊಡದ್ರಿ?'

'ಒಬ್ಬಾವನ್ನೂ ಇಲ್ಲಪಾ. ದನಕ್ಕ ಸೂಜಿ ಹೊಡದೇನಿ. ಅದನ್ನ ಹೇಳ್ಲೇನು?'

ಅಷ್ಟಕ್ಕೇ ಅವರು ಬೂಟಿನ ಲೇಸು ಕಟ್ಟಲು ಬಗ್ಗುತ್ತಾರೆ. ಅವರ ತಪ್ಪಲ್ಲ. ಸಿನಿಮಾದಲ್ಲಿ ದನಕ್ಕೆ ಸೂಜಿ ಹೊಡೆಯುವ ಸೈನಿಕನನ್ನು ಯಾರೂ ತೋರಿಸಿಲ್ಲ.

ಒಮ್ಮೆ ಕೃಷ್ಣಾ ಹೊಳೆ ಏರಿ ದಂಡೆಯ ಹಳ್ಳಿಗಳಿಗೆ ನೀರು ನುಗ್ಗಿತು. ಜನರನ್ನು ಒಂದು ಶಾಲೆಯಲ್ಲಿ ಇಳಿಸಿದರು. ಸೈನ್ಯದ ದೋಣಿಗಳು ಬಂದವು. ದೋಣಿಯವರ ಹಿಂದಿ, ನಮ್ಮವರ ಕನ್ನಡ ಎರಡೂ ನನಗೆ ಬರುತ್ತವೆಂದು ನನ್ನನ್ನೂ ಕರೆದರು. ನಾನು ಹೋದವನೇ ಮೊದಲು ಶಾಲೆಯ ಗೇಟಿನ ಅಗಳಿ ನೋಡಿದೆ. ಒಳಗೆ ನಿಂತವರ ಕೈಗೆ ಅದು ಎಟಕುತ್ತದೆಯೇ ಎಂದು ಎಳೆದೂ ನೋಡಿದೆ. 'ಮಂದಿ ಅನ್ನ-ಸಾರು ನೋಡಾಕತ್ತಾರ, ಕಾಕಾ ಗೇಟ ನೋಡಾಕತ್ತಾನ' ಎಂದು ನೆರವಿಗೆ ಬಂದಿದ್ದ ಮೈದಾನದ ಅದೇ ಹುಡುಗರು ನಕ್ಕರು. ಯಾಕೆ ನೋಡಿದೆ ಎಂಬುದನ್ನು ಮೊಣಕಾಲುದ್ದ ಕೆಸರಿನಲ್ಲಿ ನಿಂತು ಹೇಳಲಾಗುವುದಿಲ್ಲ. ಕೂತು ಬರೆಯಬೇಕಾದ ಮಾತು ಅದು. ಈ ಕೆಲಸಕ್ಕೆ ಹೋಗುವವರು ಓದಲಿ ಎಂದು ಬರೆಯುತ್ತಿದ್ದೇನೆ.

ನನ್ನ ಹೆಸರು ಬೀರಪ್ಪ. ಗಲಗಲಿ ಹತ್ತಿರದ ಹಳ್ಳಿ. ನಮ್ಮದು ಬೀರೇಶ್ವರನಿಗೆ ನಡೆದುಕೊಳ್ಳುವ ಕುರಿ ಕಾಯುವ ಮನೆತನ. ಅಣ್ಣ ಮಾಳಪ್ಪ ಈಗಲೂ ಕುರಿಯ ಹಿಂದೆಯೇ ಇದ್ದಾನೆ. ನಾನು ಸೈನ್ಯದ ಪಶುವೈದ್ಯ ವಿಭಾಗದಲ್ಲಿ ಡ್ರೆಸರ್ ಆಗಿ ಸೇರಿದೆ. ಡ್ರೆಸರ್ ಎಂದರೆ ಗಾಯ ತೊಳೆಯುವವನು, ಪಟ್ಟಿ ಕಟ್ಟುವವನು, ಡಾಕ್ಟರ್ ಸೂಜಿ ಹಾಕುವಾಗ ಹೇಸರಗತ್ತೆಯ ಒದೆ ತಿನ್ನುವವನು. ಸಾಹೇಬರ ಮುಂದೆ, ಕುದುರೆಯ ಹಿಂದೆ ಹೋಗಬಾರದು ಎಂಬ ಮಾತು ಸೈನ್ಯದಲ್ಲಿದೆ. ನನ್ನ ನೌಕರಿಯೆಲ್ಲ ಆ ಎರಡು ಜಾಗಗಳಲ್ಲೇ ಕಳೆಯಿತು.

ಉತ್ತರದ ಗುಡ್ಡಗಾಡಿನಲ್ಲಿದ್ದಾಗ ಮೊದಲ ಸಲ ಊರವರ ದನಕರುಗಳಿಗೆ ಔಷಧಿ ಕೊಡುವ ಕೆಲಸ ಬಂತು. ಗುಂಡಿನ ಸದ್ದು ನಿಂತಿರದ ಕಡೆ ಸೈನ್ಯ ಮತ್ತು ಊರಿನ ನಡುವೆ ವಿಶ್ವಾಸ ಬೆಳೆಸಲು ಇದೊಂದು ದಾರಿ. ನಾವು ಮೇಜು ಹಾಕಿ, ಮೇಲೆ ಬ್ಯಾನರ್ ಕಟ್ಟಿ, ಸುತ್ತ ಬಂದೂಕಿನವರನ್ನು ನಿಲ್ಲಿಸಿ ಕಾದೆವು. ಒಂದು ಕೋಳಿಯೂ ಬರಲಿಲ್ಲ. ಆಗ ನಮ್ಮ ಮುಖ್ಯಸ್ಥನಾಗಿದ್ದ ಮುದುಕ ಸುಭೇದಾರ ಮೇಜು ಮಡಚಿಸಿದ. ಸೀದಾ ಒಂದು ಮನೆಯ ಕಟ್ಟೆಗೆ ಹೋಗಿ ಕೂತು, 'ತಾಯಿ, ಕುಡಿಯಲು ನೀರು ಕೊಡಿ' ಎಂದ. ನೀರು ಬಂತು. ಹಿಂದೆಯೇ ಒಬ್ಬ ಹುಡುಗಿ ಕುಂಟುವ ಆಡನ್ನು ಹಿಡಿದುಕೊಂಡು ಬಂದಳು.

ಆಮೇಲೆ ಆತ ನನಗೆ ಹೇಳಿದ್ದು ಇಷ್ಟೇ: 'ಕೊಡಲು ಹೋದವನು ಮೊದಲು ಬೇಡಬೇಕು. ನೀರು ಕೊಟ್ಟವನು ನಿನಗೆ ಸಮನಾಗುತ್ತಾನೆ. ಸಮನಾದ ಮೇಲೆ ಮಾತಾಡುತ್ತಾನೆ.' ನಮ್ಮ ಕಡೆ ಬಾಗಿಲಿಗೆ ಬಂದವರಿಗೆ ನೀರು ಕೊಡದೆ ಯಾರೂ ಮಾತು ಶುರು ಮಾಡುವುದಿಲ್ಲ. ಅದು ಗೊತ್ತಿದ್ದೂ ನಾನು ಬ್ಯಾನರ್ ಕಟ್ಟುತ್ತ ನಿಂತಿದ್ದೆ.

ಈ ಕೆಲಸದ ರೀತಿ ನನ್ನ ಕಣ್ಣೆದುರೇ ಬದಲಾಯಿತು. ಮೊದಲು ಕಂಬಳಿ ಹಂಚಿದರೆ ಹಂಚಿದ ಹಾಗೆ. ಆಮೇಲೆ ಹಂಚಿದ್ದರ ಫೋಟೋ ಬೇಕಾಯಿತು. ಕಡೆಕಡೆಗೆ ಫೋಟೋದಲ್ಲಿ ಪಡೆದವನು ನಗುತ್ತಿರಬೇಕೆಂದೂ ಆಯಿತು. ಹೊಟ್ಟೆನೋವಿನ ಎಮ್ಮೆಯನ್ನು ಹೊಡೆದುಕೊಂಡು ಬಂದ ಮನುಷ್ಯ ಯಾಕೆ ನಗಬೇಕೋ ನನಗೆ ತಿಳಿಯಲಿಲ್ಲ. ಆದರೆ ಕೇಳುವ ಜಾಗದಲ್ಲಿ ನಾನಿರಲಿಲ್ಲ.

ನೌಕರಿಯ ಕೊನೆಯ ಹೊತ್ತಿಗೆ ನನ್ನನ್ನು ಹಲವು ದೇಶಗಳ ಸೈನಿಕರು ಸೇರಿದ ಶಾಂತಿಪಡೆಗೆ ಕಳಿಸಿದರು. ಆಫ್ರಿಕಾದಲ್ಲಿ ನೈಲ್ ನದಿ ಹರಿಯುವ ಒಂದು ದೇಶ. ಹೆಸರು ಬರೆಯುವುದಿಲ್ಲ. ಬರೆದರೆ ನೀವು ಓದುವುದನ್ನು ಬಿಟ್ಟು ಫೋನಿನಲ್ಲಿ ಅದರ ಜಗಳಗಳನ್ನು ಹುಡುಕುತ್ತ ಕೂಡುತ್ತೀರಿ. ಹೊಳೆಯ ಈಚೆ ದಂಡೆಯವರು, ಆಚೆ ದಂಡೆಯವರು ಎಂದು ಎರಡು ಗುಂಪು. ಇಬ್ಬರೂ ದನ ಸಾಕುವವರೇ. ಇಬ್ಬರ ನಡುವೆ ದೊಡ್ಡ ಕಾಳಗವಾಗಿ, ಊರು ಸುಟ್ಟು, ಉಳಿದವರು ನಮ್ಮ ನೆಲೆಯ ಪಕ್ಕದ ಶಿಬಿರದಲ್ಲಿ ತಾಡಪಾಲಿನ ಕೆಳಗೆ ಬದುಕುತ್ತಿದ್ದರು. ಸುಟ್ಟ ಊರನ್ನು ಮತ್ತೆ ನಿಲ್ಲಿಸುವುದರಲ್ಲಿ ಒಂದು ಪಾಲು ನಮ್ಮ ತುಕಡಿಗೆ ಬಂದಿತ್ತು.

ಇಳಿದ ಮೊದಲ ದಿನ ನಾನು ನೆಲ ನೋಡಿದೆ. ನಮ್ಮ ಮುಧೋಳ ಕಡೆಯ ಎರೆಹೊಲದಂಥದ್ದೇ ಕಪ್ಪು ನೆಲ. ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರುಕು, ಮಳೆ ಬಿದ್ದರೆ ಅಂಟು. 'ಸಾಹೇಬ್, ಮಳೆ ಶುರುವಾದರೆ ಇಲ್ಲಿ ಗಾಡಿ ನಡೆಯುವುದಿಲ್ಲ' ಎಂದು ನಮ್ಮ ಮೇಜರ್ ನೇಗಿ ಸಾಹೇಬರಿಗೆ ಹೇಳಿದೆ. ಅವರು ಹಿಮಾಲಯದ ಕಡೆಯವರು, ಕಲ್ಲಿನ ದಾರಿ ಕಂಡವರು. ನಕ್ಕರು. ಮಳೆಗಾಲಕ್ಕೆ ಮುಂಚಿನ ಮೊದಲ ಅಡ್ಡಮಳೆಗೇ ನಮ್ಮ ಲಾರಿ ಅಚ್ಚಿನವರೆಗೆ ಹೂತು ನಿಂತಾಗ ಅವರು ಕೆಳಗಿಳಿದು ಬೂಟು ಕಿತ್ತು, ಕೆಸರಿನಲ್ಲಿ ನಮ್ಮ ಜೊತೆ ನೂಕಿದರು. ಅಲ್ಲಿಂದ ಮುಂದೆ ನೆಲದ ಮಾತು ಬಂದರೆ ನನ್ನನ್ನು ಕೇಳುತ್ತಿದ್ದರು. ಕಟ್ಟಡದ ಮಾತು ಬಂದರೆ ಯಾರನ್ನೂ ಕೇಳುತ್ತಿರಲಿಲ್ಲ. ಶಿಸ್ತಿನ ಮನುಷ್ಯ, ಬೈಗುಳವನ್ನೂ ಸಾಲು ತಪ್ಪದಂತೆ ಬೈಯುವವರು.

ಅಲ್ಲಿ ಸಿಕ್ಕ ಇನ್ನೊಬ್ಬನೆಂದರೆ ಹವಾಲ್ದಾರ ಶಂಕ್ರಪ್ಪ. ಬನಹಟ್ಟಿಯ ನೇಕಾರರ ಮನೆಯವನು, ಇಂಜಿನಿಯರ್ ತುಕಡಿಯಲ್ಲಿ ವೆಲ್ಡರ್. ಊರು ಬಿಟ್ಟು ಇಷ್ಟು ದೂರ ಬಂದ ಮೇಲೆ ಬನಹಟ್ಟಿಯವನು ಮನೆಯವನೇ ಆಗುತ್ತಾನೆ. ಮಂದಿಯ ಮುಂದೆ ನನಗೆ 'ಸಾಹೇಬ' ಎನ್ನುತ್ತಿದ್ದ. ಇಬ್ಬರೇ ಇದ್ದರೆ 'ಅಣ್ಣಾ'.

ಆ ಜನರ ದನಗಳ ಕೋಡು ನೋಡಬೇಕು. ಎರಡು ಕೋಡಿನ ನಡುವೆ ತೊಟ್ಟಿಲು ಕಟ್ಟಬಹುದು. ಊರಿಗೆ ಫೋನು ಹಚ್ಚಿದಾಗ ಅಣ್ಣ ಮಾಳಪ್ಪ ಕೇಳಿದ, 'ಹಾಲು ಎಷ್ಟ ಕೊಡತಾವೋ ಬೀರ್ಯಾ?'

'ಒಂದ ಚರಿಗಿ.'

'ಅಷ್ಟss? ಮತ್ತ್ಯಾಕ ಸಾಕತಾರ?'

'ಲಗ್ನಕ್ಕ. ಹೆಣ್ಣಿನ ಮನಿಗೆ ದನಾ ಕೊಡಬೇಕು ಇಲ್ಲಿ. ಮತ್ತ ಸುಮ್ನ ಕುಂತು ನೋಡಾಕ.'

ಅದಕ್ಕೆ ಅಣ್ಣ, 'ಖರೆ, ಕುಂತು ನೋಡಾಕ ಛಲೋ ಅನಸ್ತೈತಿ ಬಿಡು' ಎಂದ. ಸಂಜೆ ಕುರಿ ಕೂಡಿದ ಮೇಲೆ ಅವನೂ ಸುಮ್ಮನೆ ನೋಡುತ್ತ ಕೂಡುವವನೇ.

ನಾನು ಅಲ್ಲಿ ಮೊದಲು ಎಡವಿದ್ದು ನನ್ನ ಕುರಿಯ ಬುದ್ಧಿಯಿಂದಲೇ. ನಮ್ಮ ಕಡೆ ಬಿತ್ತುವುದಕ್ಕೆ ಮುಂಚೆ ರೈತರು ತಮ್ಮ ಹೊಲದಲ್ಲಿ ಕುರಿ ಕೂಡಿಸಿಕೊಳ್ಳುತ್ತಾರೆ. ಕುರಿಯ ಹಿಕ್ಕೆಯಿಂದ ಹೊಲಕ್ಕೆ ಗೊಬ್ಬರ, ಕುರಿಯವನಿಗೆ ಜೋಳ. ಶಿಬಿರ ಬಿಟ್ಟು ಬಂದ ಹೆಂಗಸರು ಹಿತ್ತಲಲ್ಲಿ ಜೋಳ ಹಾಕುತ್ತಿದ್ದುದನ್ನು ಕಂಡು, ದನದವರಿಗೆ 'ನಿಮ್ಮ ದನ ಇವರ ಹೊಲದಲ್ಲಿ ಕೂಡಿಸಿ, ಸಗಣಿ ಬಿಟ್ಟು ಹೋಗಿ' ಎಂದು ದೊಡ್ಡ ಉಪಕಾರಿಯ ಹಾಗೆ ಹೇಳಿದೆ. ಒಬ್ಬ ಮುದುಕ ದನಗಾಹಿ ನನ್ನನ್ನು ತಾನು ದನ ಕಟ್ಟುವ ಬೀಡಿಗೆ ಕರೆದುಕೊಂಡು ಹೋಗಿ ತೋರಿಸಿದ. ಅವರು ಸಗಣಿ ಒಣಗಿಸಿ ಸುಡುತ್ತಾರೆ. ಆ ಹೊಗೆಯಿಂದಲೇ ದನಕ್ಕೆ ಸೊಳ್ಳೆ ಮುತ್ತುವುದಿಲ್ಲ. ಆ ಬೂದಿಯನ್ನೇ ಮೈಗೆ ಬಳಿದುಕೊಳ್ಳುತ್ತಾರೆ. ಸಗಣಿ ಬಿಟ್ಟು ಹೋಗಿ ಎಂದರೆ ಮನೆಯ ಮಾಡು ಬಿಚ್ಚಿಕೊಟ್ಟು ಹೋಗಿ ಎಂದ ಹಾಗೆ. ಮುದುಕ ಬೈಯಲಿಲ್ಲ. ನನ್ನ ಹಣೆಗೆ ಒಂದಿಷ್ಟು ಬೂದಿ ಹಚ್ಚಿ ಕಳಿಸಿದ. ನಾನೂ ಬೀರೇಶ್ವರನ ಗುಡಿಯಲ್ಲಿ ಭಂಡಾರದ ಅರಿಶಿನ ಹಚ್ಚಿಸಿಕೊಂಡವನಂತೆ ತಲೆ ಬಗ್ಗಿಸಿ ಬಂದೆ.

ಇನ್ನು ಮೇರಿಯ ವಿಷಯ. ನಮ್ಮ ನೆಲೆಯ ಹೊರಗೆ ಚಹಾ ಮಾರುತ್ತಿದ್ದ ಹೆಂಗಸು. ಗಂಡ ಕಾಳಗದಲ್ಲಿ ಹೋಗಿದ್ದ, ಇಬ್ಬರು ಹೆಣ್ಣುಮಕ್ಕಳು. ಮಾತು ಕಡಿಮೆ. ಅವರ ಅರಬ್ಬಿ ಬೆರೆತ ಸಂತೆಯ ಭಾಷೆಯಲ್ಲಿ ನಮ್ಮ ದುಕಾನಿಗೆ ದುಕಾನೇ, ಖಲಾಸಿಗೆ ಖಲಾಸೇ. ಹಾಗಾಗಿ ನಾನು ಬೇಗ ಕಲಿತೆ. ತಿಳಿಯದ್ದನ್ನು ಪೀಟರ್ ಎಂಬ ದುಭಾಷಿ ತಿಳಿಸುತ್ತಿದ್ದ. ಅವರ ಮಾತನ್ನು ಇಲ್ಲಿ ನಮ್ಮ ಕಡೆಯ ಮಾತಿನಲ್ಲೇ ಬರೆಯುತ್ತೇನೆ. ನನ್ನ ಕಿವಿಗೆ ಅದು ಹಾಗೆಯೇ ಕೇಳಿಸುತ್ತಿತ್ತು.

ನೇಗಿ ಸಾಹೇಬರು ಆ ಊರಿಗೆ ಬೇಕಾದದ್ದು ದನದ ಸಂತೆ ಎಂದು ತೀರ್ಮಾನಿಸಿದ್ದರು. ಅದು ಸರಿಯಾದ ತೀರ್ಮಾನವೇ. ಎರಡು ದಂಡೆಯವರೂ ಬಂದೂಕಿಲ್ಲದೆ ಸೇರುತ್ತಿದ್ದ ಒಂದೇ ಜಾಗ ಸಂತೆ. ಸಂತೆ ಶುರುವಾದರೆ ಉಪ್ಪಿನವನು, ಬಟ್ಟೆಯವನು, ಚಹಾದವಳು ಎಲ್ಲರೂ ಶಿಬಿರ ಬಿಟ್ಟು ಊರಿಗೆ ಮರಳುತ್ತಾರೆ. ಹಳೆಯ ಸಂತೆಯ ಜಾಗದಲ್ಲಿ ಕಲ್ಲಿನ ಪಾಯ ಗಟ್ಟಿಯಾಗಿಯೇ ಉಳಿದಿತ್ತು. ಅದರ ಮೇಲೆಯೇ ನಾಲ್ಕೂ ಕಡೆ ಎತ್ತರದ ಗೋಡೆ, ಒಳಗೆ ತಗಡಿನ ನೆರಳು, ದನಕ್ಕೆ ನೀರಿನ ತೊಟ್ಟಿ, ಮುಂದೆ ಒಂದು ಕಬ್ಬಿಣದ ದೊಡ್ಡ ಗೇಟು. ಒಂದೇ ಬಾಗಿಲಾದರೆ ಬಂದೂಕು ತರುವವರನ್ನು ತಡೆಯುವುದು ಸುಲಭ. ಗಲಾಟೆಯಾದರೆ ಕಾವಲುಗಾರರು ಹೊರಗಿನಿಂದ ಹಾಕಲಿ ಎಂದು ಅಗಳಿ ಹೊರಗೆ. ನಕ್ಷೆ ಸಾಹೇಬರದು.

ಗೇಟು ಶಂಕ್ರಪ್ಪನದು. ಬರೀ ಕಬ್ಬಿಣದ ಸಳಿ ಜೋಡಿಸಿದ್ದರೆ ಸಾಕಿತ್ತು. ಅವನು ತಗಡಿನ ಅಂಚಿಗೆ ಸೀರೆಯ ದಡಿಯ ಹಾಗೆ ಸಾಲಾಗಿ ಹೂ ಕೊರೆದು ಕೂಡಿಸಿದ್ದ.

'ದನಾ ಹಾದ ಹೋಗು ಬಾಗಲಕ್ಕ ಇಷ್ಟ್ಯಾಕೋ?' ಎಂದೆ.

'ನಮ್ಮವ್ವ ನೇದ ಸೀರಿ ಯಾರ ಉಡತಾರಂತ ಕೇಳಿ ನೇಯಲಿಲ್ಲಣ್ಣಾ' ಎಂದ.

ಸಂತೆ ಶುರುವಾಗುತ್ತದೆ ಎಂಬ ನಂಬಿಕೆಯಿಂದ ಮೇರಿ ಶಿಬಿರ ಬಿಟ್ಟಳು. ಇದು ಸಣ್ಣ ಮಾತಲ್ಲ. ಶಿಬಿರದಲ್ಲಿ ತಾಡಪಾಲಿನ ಜಾಗಕ್ಕೆ ಕಾದವರ ಸಾಲೇ ಇತ್ತು. ಅವಳು ಎದ್ದ ಸಂಜೆಗೇ ಬೇರೆ ಸಂಸಾರ ಅಲ್ಲಿ ಬಂದು ಕೂತಿತು. ಅವಳು ಸಂತೆಯಿಂದ ಸ್ವಲ್ಪ ದೂರದಲ್ಲಿ ಮಣ್ಣಿನ ಗುಡಿಸಲು ಕಟ್ಟಿಕೊಂಡು, ಬಾಗಿಲಿಗೆ ಗೋಣಿಚೀಲ ಇಳಿಬಿಟ್ಟು, ಒಂದು ಮರದ ಕೆಳಗೆ ಒಲೆ ಹೂಡಿದಳು. ಮಳೆಗಾಲ ಹತ್ತಿರ ಬರುತ್ತಿತ್ತು. ಮಳೆ ಹಿಡಿದರೆ ದಾರಿ ಮುಚ್ಚುತ್ತದೆ, ಗಿರಾಕಿ ಇಲ್ಲ, ಶಿಬಿರದಿಂದ ಧಾನ್ಯವೂ ಇಲ್ಲ. ಮಳೆಗೆ ಮುಂಚೆ ಸಂತೆ ಕೂಡಿದರೆ ಅವಳೂ ಮಕ್ಕಳೂ ಊರಿನವರು. ಕೂಡದಿದ್ದರೆ ಊರೂ ಇಲ್ಲ, ಶಿಬಿರವೂ ಇಲ್ಲ.

ಸಂತೆ ಕೂಡಲಿಲ್ಲ.

ಮೊದಲ ವಾರದ ಸಂತೆಯ ದಿನ ದನದವರು ಬಂದರು. ಗೋಡೆಯಿಂದ ಒಂದು ಕೂಗಳತೆ ದೂರ ನಿಂತರು. ದನಗಳನ್ನು ಮೇಯಲು ಬಿಟ್ಟು, ಭರ್ಚಿ ಊರಿಕೊಂಡು ಗೇಟನ್ನು ನೋಡಿದರು. ಇಳಿಹೊತ್ತಿಗೆ ದನ ಹೊಡೆದುಕೊಂಡು ಹೋದರು. ಎರಡನೆಯ ವಾರವೂ ಅಷ್ಟೇ. ನಮ್ಮಲ್ಲಿ ತಲೆಗೊಂದು ಮಾತು ಹುಟ್ಟಿತು. ಸುಂಕ ಹಾಕುತ್ತಾರೆಂದು ಹೆದರಿದ್ದಾರೆ ಎಂದರು, ಸುಂಕವಿಲ್ಲ ಎಂದು ಸಾರಿದೆವು. ದನಕ್ಕೆ ಆಸೆ ಹುಟ್ಟಿಸೋಣ ಎಂದು ಒಳಗೆ ಉಪ್ಪಿನ ಗಡ್ಡೆ ಇಟ್ಟೆವು. ಹೊರಗೆ ಮರದ ಕೆಳಗೆ ನಾನು ಸೂಜಿ ಹಾಕುತ್ತಿದ್ದಾಗ ಸಾಲು ನಿಲ್ಲುತ್ತಿತ್ತು. ಸಾಹೇಬರ ಅಪ್ಪಣೆಯಂತೆ ಮೇಜನ್ನು ಗೋಡೆಯ ಒಳಗೆ ಹಾಕಿದೆ. ಸಾಲು ಕರಗಿತು. ಪೀಟರನನ್ನು ಕೇಳಿದರೆ ನೆಲ ನೋಡುತ್ತ, 'ಬರ್ತಾರ, ಬರ್ತಾರ' ಎನ್ನುತ್ತಿದ್ದ. ಅವನ ಸಂಬಳ ನಮ್ಮ ಕಡೆಯಿಂದ ಬರುತ್ತಿತ್ತು. ನಮಗೆ ಬೇಸರವಾಗುವ ಮಾತನ್ನು ಅವನು ಯಾಕೆ ಆಡಿಯಾನು?

ಇಷ್ಟರಲ್ಲಿ ದೊಡ್ಡ ಅತಿಥಿಯೊಬ್ಬರು ಉದ್ಘಾಟನೆಗೆ ಬರುತ್ತಾರೆಂದು ಸುದ್ದಿ ಬಂತು. ಸಾಹೇಬರ ಹುಬ್ಬು ಗಂಟಿಕ್ಕಿತು. ಜನವಿಲ್ಲದ ಸಂತೆಯನ್ನು ಹೇಗೆ ಉದ್ಘಾಟಿಸುವುದು?

ಒಂದು ಮಧ್ಯಾಹ್ನ ನನಗೆ ಆ ಮುದುಕ ಸುಭೇದಾರನ ನೀರಿನ ಮಾತು ನೆನಪಾಯಿತು. ಕೊಡುವುದೇ ಆಯಿತು, ಬೇಡಲೇ ಇಲ್ಲವಲ್ಲ ಎನಿಸಿತು. ಮೇರಿಗೆ ಹೇಳಿದೆ, 'ಒಳಗ ಕೆಲಸಾ ಮಾಡಾಕತ್ತೇವಿ. ನಮಗೆಲ್ಲಾರಿಗೂ ಚಾ ತಂದ ಕೊಡವಾ.' ಅವಳು ಕೆಟಲಿ, ಗ್ಲಾಸು ಹಿಡಿದು ಬಂದಳು. ಗೇಟಿನ ಗೆರೆಗೆ ಬಂದವಳು ಕೆಟಲಿಯನ್ನು ಹೊಸ್ತಿಲ ಹೊರಗೇ ಇಟ್ಟು ನಿಂತಳು.

'ಒಳಗ ಬಾರವಾ, ದುಡ್ಡು ಒಳಗ ಕೊಡತೇನಿ' ಎಂದು ನಗಾಡಿದೆ. ಅವಳು ನಗಲಿಲ್ಲ. ಸರಿ, ನಾನೇ ಕೆಟಲಿ ಎತ್ತಿಕೊಂಡು ಒಳಗೆ ಹೋದೆ.

ಶಂಕ್ರಪ್ಪ ಹೊರಗೆ ನಿಂತು ಗೇಟಿನ ಬಿಜಾಗರಿಗೆ ಎಣ್ಣೆ ಬಿಡುತ್ತಿದ್ದ. ಸಲೀಸಾಗಿ ತಿರುಗುತ್ತದೆಯೋ ನೋಡಲು ಎರಡೂ ಕದ ತಳ್ಳಿ ಅಗಳಿ ಸರಿಸಿದ. ಕಬ್ಬಿಣದ ಮೇಲೆ ಕಬ್ಬಿಣ ಬಿದ್ದ ಸದ್ದು. ಅದರ ಹಿಂದೆಯೇ ಹೊರಗೆ ಗ್ಲಾಸು ಒಡೆದ ಸದ್ದು, ಆಮೇಲೆ ಒಂದು ಕೂಗು. ನಾನು ಇಂಥ ಕೂಗನ್ನು ಕರು ಹಾಕಲಾಗದೆ ಸಾಯುವ ದನದ ಬಾಯಿಂದಲೂ ಕೇಳಿಲ್ಲ. ಶಂಕ್ರಪ್ಪ ಗಾಬರಿಬಿದ್ದು ಅಗಳಿ ತೆಗೆದ. ಮೇರಿ ನೆಲಕ್ಕೆ ಕುಸಿದಿದ್ದಳು. ದೂರದಲ್ಲಿ ನೆರಳಿಗೆ ಕೂತಿದ್ದ ದನದವರೆಲ್ಲ ಎದ್ದು ನಿಂತಿದ್ದರು. ಒಬ್ಬರೂ ಹತ್ತಿರ ಬರಲಿಲ್ಲ.

ನಾನು ಅವಳ ಮುಂದೆ ನೆಲದ ಮೇಲೆ ಕೂತೆ. ಬಹಳ ಹೊತ್ತಿನ ಮೇಲೆ ಅವಳು ನನ್ನ ಕೈ, ತೋಳು ಮುಟ್ಟಿ ನೋಡಿದಳು. ಆಮೇಲೆ ಹೇಳಿದಳು. ಪೀಟರ್ ಪಕ್ಕದಲ್ಲಿ ನಿಂತು, ಈ ಸಲ ಒಂದು ಮಾತೂ ಬಿಡದೆ ನಮಗೆ ದಾಟಿಸಿದ.

ಹಳೆಯ ಸಂತೆಗೂ ಇಂಥದ್ದೇ ಗೋಡೆಯಿತ್ತು, ಇದೇ ಜಾಗದಲ್ಲಿ ಒಂದೇ ಬಾಗಿಲಿತ್ತು. ಕಾಳಗ ಶುರುವಾದ ದಿನ ಸಂತೆ ತುಂಬಿತ್ತು. ಅವಳ ಗಂಡ ಒಂದು ಹೋರಿ ಮಾರಲು ಒಳಗೆ ಹೋಗಿದ್ದ. ಅವಳು ಹೊರಗೆ ಒಲೆ ಹಚ್ಚುತ್ತಿದ್ದಳು. ಬಂದೂಕಿನವರು ಬಂದರು, ಬಾಗಿಲು ಮುಚ್ಚಿದರು, ಅಗಳಿ ಹಾಕಿದರು, ಆಮೇಲೆ ತಗಡಿಗೂ ಹುಲ್ಲಿಗೂ ಬೆಂಕಿ ಇಟ್ಟರು. ಒಳಗೆ ಎರಡೂ ದಂಡೆಯವರು ಇದ್ದರು.

'ಅಗಳಿ ಹೊರಗ ಇತ್ತು' ಎಂದಳು. 'ನಾನೂ ಹೊರಗ ಇದ್ದೆ. ತಗೀಬೇಕಂತ ಹೋದ್ನಿ. ಕಬ್ಬಿಣ ಕಾದಿತ್ತು.' ಅಂಗೈ ತೋರಿಸಿದಳು. ಇಷ್ಟು ದಿನ ಆ ಕೈಯಿಂದ ಚಹಾ ಈಸಿಕೊಂಡು ಕುಡಿದವನು ನಾನು. ಒಲೆಯ ಸುಟ್ಟಗಾಯ ಇರಬೇಕು ಎಂದುಕೊಂಡಿದ್ದೆ.

ನನಗೆ ಸಿಟ್ಟೇ ಬಂತು. ಯಾರ ಮೇಲೆ ಎಂದು ಗೊತ್ತಿರಲಿಲ್ಲ. 'ಕಟ್ಟಾಕತ್ತಾಗ ಒಂದ ಮಾತ ಹೇಳಬಾರ್ದಿತ್ತೇನವಾ? ನೀ ಹೇಳಲಿಲ್ಲ, ಆ ಮುದುಕ ಹೇಳಲಿಲ್ಲ, ಈ ಪೀಟರ ಹೇಳಲಿಲ್ಲ.'

ಮೇರಿ ನನ್ನ ಮುಖ ನೋಡಿದಳು. 'ನಿಮಗ ಗೊತ್ತೈತಿ ಅಂದ್ಕೊಂಡಿದ್ವಿ. ಗೊತ್ತಿದ್ದ ಅದss ಪಾಯಾದ ಮ್ಯಾಲೆ, ಅದss ಬಾಗಲಾ, ಅದss ಅಗಳಿ ಇಟ್ಟ ಕಟ್ಟಾಕತ್ತೀರಿ ಅಂದ್ಕೊಂಡಿದ್ವಿ. ಹಂಗಿದ್ದ ಮ್ಯಾಲೆ ಏನಂತ ಕೇಳೂದು?'

ಈ ಮಾತನ್ನು ಎಷ್ಟೋ ಸಲ ತಿರುಗಿಸಿ ನೋಡಿದ್ದೇನೆ. ಅಷ್ಟು ವಾರ ನಾವು ಅವರನ್ನು ನೋಡುತ್ತ, ಯಾಕೆ ಬರುತ್ತಿಲ್ಲ ಎಂದು ಯೋಚಿಸುತ್ತಿದ್ದೆವು. ಅವರು ನಮ್ಮನ್ನು ನೋಡುತ್ತ, ಯಾವಾಗ ಬಾಗಿಲು ಹಾಕುತ್ತಾರೆ ಎಂದು ಯೋಚಿಸುತ್ತಿದ್ದರು. ಆದರೂ ಮೇರಿ ಆ ಗೋಡೆಯ ಹತ್ತಿರವೇ ಒಲೆ ಹೂಡಿದ್ದಳು. ಬೇರೆ ದಾರಿಯಿರಲಿಲ್ಲ.

ನೇಗಿ ಸಾಹೇಬರಿಗೆ ಹೋಗಿ ಹೇಳಿದೆ. ಅವರು ಟೋಪಿ ಹಾಕಿಕೊಂಡು ಸಂತೆಯ ಜಾಗಕ್ಕೆ ನಡೆದು ಬಂದರು. ಒಬ್ಬರೇ ಒಳಗೆ ಹೋದರು. 'ಶಂಕರ್, ಹಾಕು' ಎಂದರು. ಶಂಕ್ರಪ್ಪ ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ. ಅವನು ಅಗಳಿ ಹಾಕಿದ. ನಾವು ಹೊರಗೆ ನಿಂತೆವು. ಬೂಟಿನ ಹೆಜ್ಜೆ ಗೋಡೆಯ ಗುಂಟ ಒಂದು ಸುತ್ತು ಬಂತು. ಆಮೇಲೆ ಕದ ಒಮ್ಮೆ ಅಲುಗಾಡಿತು. ಮತ್ತೆ ಸ್ವಲ್ಪ ಜೋರಾಗಿ ಅಲುಗಾಡಿತು.

'ತೆಗಿ' ಎಂಬ ದನಿ ಬಂದಾಗ ಅದು ಅಪ್ಪಣೆಯ ದನಿಯಾಗಿರಲಿಲ್ಲ.

ಹೊರಗೆ ಬಂದವರು ಹಣೆ ಒರೆಸಿಕೊಂಡು, 'ಒಳಗಿನಿಂದ ಇದನ್ನು ತೆಗೆಯಲು ಏನೂ ಇಲ್ಲವಲ್ಲ, ಶಂಕರ್' ಎಂದರು.

'ಇಲ್ಲ ಸಾಹೇಬ್. ನಕ್ಷೆಯಲ್ಲಿ ಇರಲಿಲ್ಲ.'

'ಗೊತ್ತು. ನಕ್ಷೆ ನನ್ನದೇ.' ಅವರು ದೂರದಲ್ಲಿ ನಿಂತ ದನದವರನ್ನು ನೋಡಿದರು. ಹೊಸ್ತಿಲ ಹೊರಗೆ ಒಡೆದ ಗ್ಲಾಸು ಆರಿಸುತ್ತಿದ್ದ ಮೇರಿಯನ್ನೂ ನೋಡಿದರು. 'ನಾಳೆ ಬುಲ್ಡೋಜರ್ ತನ್ನಿ. ಹಿಂದಿನ ಗೋಡೆ, ಎರಡೂ ಬದಿಯ ಗೋಡೆ ನೆಲಸಮ ಮಾಡಿ.'

'ಸಾಹೇಬ್, ಅತಿಥಿ ಬರುವವರಿದ್ದಾರೆ' ಎಂದು ನೆನಪಿಸಿದೆ. ಗೋಡೆ, ಕಾವಲು ಇಲ್ಲದ ಕಟ್ಟಡಕ್ಕೆ ಮೇಲಿನವರ ಒಪ್ಪಿಗೆ ಇರುವುದಿಲ್ಲ ಎಂಬುದೂ ನಮಗೆ ಗೊತ್ತಿತ್ತು.

'ಮುಂದಿನ ಗೋಡೆ ಬಿಡಿ. ಅವರಿಗೆ ರಿಬ್ಬನ್ ಕಟ್ಟಲು ಎಲ್ಲಾದರೂ ಜಾಗ ಬೇಕಲ್ಲ' ಎಂದರು. ಸೇವೆಯಲ್ಲಿ ನಾನು ಕಂಡ ಅಧಿಕಾರಿಗಳಲ್ಲಿ ಬುದ್ಧಿವಂತರು ಬಹಳ ಮಂದಿ ಇದ್ದರು. ತನ್ನ ನಕ್ಷೆಯನ್ನು ತಾನೇ ಒಡೆಸಿದವರು ಇವರೊಬ್ಬರೇ.

ಗೋಡೆ ಬೀಳುವಾಗ ಊರೇ ಬಂದು ನೋಡಿತು. ಕಟ್ಟುವಾಗ ಯಾರೂ ಬಂದಿರಲಿಲ್ಲ. ಮರುವಾರ ಅತಿಥಿಗಳು ಬಂದು ರಿಬ್ಬನ್ ಕತ್ತರಿಸಿ, ಶಂಕ್ರಪ್ಪನ ಹೂವಿನ ಗೇಟು ದಾಟಿ ಒಳಗೆ ಹೆಜ್ಜೆ ಇಟ್ಟರು. ಒಳಗೆ ಎಂದರೆ ಬಯಲು. ಮೂರು ದಿಕ್ಕಿನಿಂದ ದನ ಬರುತ್ತಿತ್ತು.

'ಗೋಡೆ ಎಲ್ಲಿ?' ಎಂದು ಅವರು ಕೇಳಿದರು.

'ಕಾಮಗಾರಿ ಹಂತ ಹಂತವಾಗಿ ನಡೆಯುತ್ತಿದೆ, ಸರ್' ಎಂದರು ನೇಗಿ ಸಾಹೇಬರು. ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಆಮೇಲೆ ಮೇಲಿನವರು ಸಾಹೇಬರಿಂದ ವಿವರಣೆ ಕೇಳಿದರಂತೆ. ಏನು ಉತ್ತರ ಕೊಟ್ಟರೋ ನನಗೆ ಗೊತ್ತಿಲ್ಲ.

ಹಿಂದೆ ನನಗೆ ಬೂದಿ ಹಚ್ಚಿ ಕಳಿಸಿದ್ದ ಮುದುಕ ಆ ದಿನ ತನ್ನ ಹೋರಿ ಹಿಡಿದು ಹಿಂದಿನ ಕಡೆಯಿಂದ ಬಂದ. ಬಯಲಿನ ನಡುವೆ ಹಾದು ಬಲಗಡೆಯಿಂದ ಹೊರಗೆ ಹೋದ. ಮತ್ತೆ ಎಡಗಡೆಯಿಂದ ಬಂದು ಹಿಂದಿನಿಂದ ಹೋದ. ಮಾರುವ ಗಡಿಬಿಡಿ ಅವನಿಗಿರಲಿಲ್ಲ. ಅವನನ್ನು ನೋಡಿ ಉಳಿದವರೂ ಹಾಗೆಯೇ ಮಾಡಿದರು. ಅರ್ಧ ದಿನ ಜನ ಬರೀ ಒಳಗೆ ಬಂದು ಹೊರಗೆ ಹೋದರು. ವ್ಯಾಪಾರ ಶುರುವಾಗಿದ್ದು ಮಧ್ಯಾಹ್ನದ ಮೇಲೆ. ನಮ್ಮ ತೇರದಾಳದ ಸಂತೆಗೆ ಯಾವ ಕಡೆಯಿಂದ ಒಳಗೆ ಹೋಗುತ್ತೇವೆ ಎಂದು ನಾನು ಎಂದಾದರೂ ಯೋಚಿಸಿದ್ದೆನೇ? ಎಲ್ಲ ಕಡೆಯಿಂದಲೂ ಹೋಗಬಹುದು, ಅದಕ್ಕೇ ಯೋಚಿಸಿರಲಿಲ್ಲ.

ಮಳೆಗೆ ಮುಂಚೆ ಇನ್ನೂ ಕೆಲವು ಸಂತೆ ಕೂಡಿದವು. ಮೇರಿ ಮರದ ಕೆಳಗಿನಿಂದ ಒಲೆಯನ್ನು ತಂದು ಬಯಲಿನ ನಟ್ಟನಡುವೆ ಹೂಡಿದಳು. ಮಳೆಗಾಲಕ್ಕೆ ಬೇಕಾದಷ್ಟು ಜೋಳ ತುಂಬಿಕೊಂಡಳು. ಮತ್ತೆ ಶಿಬಿರದ ಮಾತು ಎತ್ತಲಿಲ್ಲ.

ಉಳಿದ ಒಂಟಿ ಗೋಡೆಯಲ್ಲಿ ಗೇಟು ಮಾತ್ರ ಹಾಗೆಯೇ ನಿಂತಿತ್ತು. ಅದನ್ನು ಯಾರೂ ದಾಟುತ್ತಿರಲಿಲ್ಲ. ದನಗಳೂ ಸುತ್ತುಹಾಕಿ ಹೋಗುತ್ತಿದ್ದವು. ಒಂದು ದಿನ ಶಂಕ್ರಪ್ಪ ಗ್ಯಾಸ್ ಕಟರ್ ತಂದ.

'ಅಷ್ಟ ಕಷ್ಟಪಟ್ಟ ಮಾಡಿದ್ಯಲ್ಲೋ' ಎಂದೆ.

'ಉಡಲಾರದ ಸೀರಿ ಪೆಟಿಗ್ಯಾಗ ಇಟ್ಟ ಏನ್ ಮಾಡೂದಣ್ಣಾ' ಎಂದು ಕತ್ತರಿಸಲು ಕೂತ. ಹೂವಿನ ದಡಿಯ ಭಾಗ ಉಳಿಸಿಕೊಂಡು, ಒಂದು ಗುಡಿಸಲಿಗೆ ಆಗುವಷ್ಟು ಸಣ್ಣ ಕದ ಮಾಡಿದ. ಇಬ್ಬರೂ ಹೊತ್ತುಕೊಂಡು ಮೇರಿಯ ಮನೆಗೆ ಹೋದೆವು.

ಅವಳು ನೋಡಿದವಳೇ ಕೈ ಅಡ್ಡ ಹಿಡಿದಳು. 'ಬ್ಯಾಡ. ನನಗ ಕದಾ ಬ್ಯಾಡ. ಗೋಣಿಚೀಲ ಸಾಕು.'

'ಮಳಿ ಒಳಗ ಬರತೈತವಾ' ಎಂದೆ.

'ಬರಲಿ.'

ಶಂಕ್ರಪ್ಪನಿಗೆ ಅವರ ಭಾಷೆ ಅಷ್ಟಾಗಿ ಬರುತ್ತಿರಲಿಲ್ಲ. ಅವನು ಕದವನ್ನು ನೆಲಕ್ಕೆ ಊರಿ, ಹೊರಮುಖವನ್ನು ತೋರಿಸಿದ. ಅಲ್ಲಿ ಏನೂ ಇರಲಿಲ್ಲ, ಬೋಳು ತಗಡು, ಅಂಚಿಗೆ ಹೂವಿನ ಸಾಲು. ಆಮೇಲೆ ಕದ ತಿರುಗಿಸಿದ. ದೊಡ್ಡ ಗೇಟಿನ ಅದೇ ಅಗಳಿಯನ್ನು ಗಿಡ್ಡ ಮಾಡಿ ಒಳಮುಖಕ್ಕೆ ಕೂಡಿಸಿದ್ದ. ಮೇರಿ ಎರಡೂ ಮುಖವನ್ನು ಕೈಯಾಡಿಸಿ ನೋಡಿದಳು. ಹೊರಮುಖದ ಮೇಲೆ ಅವಳ ಅಂಗೈ ಬಹಳ ಹೊತ್ತು ಹುಡುಕಾಡಿತು. ಆಮೇಲೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಕದ ಕೂಡಿಸಿ ಮುಗಿಸುವ ಹೊತ್ತಿಗೆ ಆಕಾಶ ಕಪ್ಪಾಗಿತ್ತು. ಮೇರಿ ಇಬ್ಬರು ಮಕ್ಕಳನ್ನೂ ಒಳಗೆ ಕರೆದುಕೊಂಡಳು. ನಮ್ಮನ್ನು ಹೊರಗೆ ನಿಲ್ಲಲು ಹೇಳಿ ಕದ ಹಾಕಿದಳು. 'ನೂಕ್ರಿ' ಎಂದಳು ಒಳಗಿನಿಂದ. ಶಂಕ್ರಪ್ಪ ನೂಕಿದ. ನಾನೂ ಭುಜ ಕೊಟ್ಟು ನೂಕಿದೆ. ಕದ ಅಲುಗಲಿಲ್ಲ. ಒಳಗೆ ಮಕ್ಕಳು ನಕ್ಕ ಸದ್ದು ಕೇಳಿಸಿತು.

ಆಮೇಲೆ ಅಗಳಿಯ ಸದ್ದು. ಸರಿಸಿದಳು, ಹಾಕಿದಳು, ಮತ್ತೆ ಸರಿಸಿದಳು, ಮತ್ತೆ ಹಾಕಿದಳು. ಮಳೆಯ ದಪ್ಪ ಹನಿ ಬೀಳತೊಡಗಿತು. ಶಂಕ್ರಪ್ಪ ಕದ ಬಡಿಯಲು ಕೈ ಎತ್ತಿದ. ನಾನು ಅವನ ಕೈ ಹಿಡಿದೆ. ಇಬ್ಬರೂ ತೊಯ್ಯುತ್ತ ಅಲ್ಲೇ ನಿಂತೆವು. ಅವಳಿಗೆ ತೆಗೆಯಬೇಕು ಎನಿಸಿದಾಗ ಅವಳೇ ತೆಗೆದಳು.